ಸಹಾಯ ಬೇಕು: ಪರ್ಮಿಷನ್ ತೆಗೆದ ಮೇಲೂ ಸಾಲದ ಆ್ಯಪ್‌ನವರ ಹತ್ತಿರ ನಮ್ಮ ನಂಬರ್‌ಗಳು ಇರುತ್ತವಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ನಿಂದ ಒಂದು ಸಾಲದ ಆ್ಯಪ್ ಹಾಕಿಕೊಂಡಿದ್ದ. ಕಾಂಟ್ಯಾಕ್ಟ್ಸ್, ಗ್ಯಾಲರಿ ಎರಡಕ್ಕೂ ಅಲೋ ಕೊಡದೆ ಅದು ಮುಂದಕ್ಕೇ ಹೋಗುತ್ತಿರಲಿಲ್ಲವಂತೆ. ಕಂತು ಸ್ವಲ್ಪ ತಡವಾಯಿತು, ಅಷ್ಟೇ, ಈಗ ನಮ್ಮ ಅತ್ತೆಗೆ, ಅವನ ಆಫೀಸಿನವರಿಗೆ, ಕೊನೆಗೆ ಸಿಲಿಂಡರ್ ತಂದುಕೊಡುವವರಿಗೂ ಫೋನ್ ಹೋಗುತ್ತಿದೆ! "ಗ್ಯಾಸ್ ಅಣ್ಣನಾ ಮಾತಾಡ್ತಿರೋದು?" ಅಂತ ಕೇಳಿದರಂತೆ. ತಮ್ಮ ಸೇವ್ ಮಾಡಿದ್ದ ಹೆಸರೇ ಅದು.

ಪರ್ಮಿಷನ್ ಎಲ್ಲ ತೆಗೆದು, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಟ್ಟಾಯಿತು. ಆದರೂ ಕಾಲ್ ನಿಂತಿಲ್ಲ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್ ಮುಟ್ಟಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಇವರು ಆರ್‌ಬಿಐಗೆ ಬಗ್ಗುವವರ ಥರ ಕಾಣುತ್ತಿಲ್ಲ ಬಿಡಿ.

ನನಗೆ ಅರ್ಥವಾಗದೇ ಇರುವುದು ಒಂದೇ. ಪರ್ಮಿಷನ್ ತೆಗೆದರೆ ಇನ್ಮುಂದೆ ಏನೂ ಸಿಗಲ್ಲ, ಸರಿ, ಆದರೆ ಮೊದಲೇ ಅವರ ಸರ್ವರ್‌ಗೆ ಹೋದ ಲಿಸ್ಟ್ ಅಲ್ಲೇ ಇರುತ್ತೆ ಅಲ್ವಾ? ಒಬ್ಬರು ಫೋನ್ ರೀಸೆಟ್ ಮಾಡಿಸು ಅಂತಾರೆ, ಇನ್ನೊಬ್ಬರು ಸಿಮ್ ಬದಲಾಯಿಸು ಅಂತಾರೆ. ಸುಮ್ನೆ ರೀಸೆಟ್ ಮಾಡಿ ಫೋಟೋ ಎಲ್ಲ ಕಳೆದುಕೊಳ್ಳುವುದು ಬೇಡ ಅಂತ ಕಾಯುತ್ತಿದ್ದೇವೆ.

ರೀಸೆಟ್‌ನಿಂದ ಏನಾದರೂ ಉಪಯೋಗ ಇದೆಯಾ? ಅವರ ಹತ್ತಿರ ಇರುವ ಲಿಸ್ಟ್ ಅಳಿಸಿ ಅಂತ ಯಾರಿಗೆ, ಹೇಗೆ ಬರೆಯಬೇಕು? ಹೀಗೆ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.