ಪ್ಯಾಕೆಟ್ ನಷ್ಟದ ಅಳತೆ: ಪಿಂಗ್ ನಂಬಬೇಕೇ, ಎಂಟಿಆರ್ ನಂಬಬೇಕೇ?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ):
ಮನೆಯಿಂದಲೇ ಬೆಂಗಳೂರಿನ ಕಚೇರಿಯ ಕೆಲಸ ಮಾಡುತ್ತೇನೆ. ಮಳೆ ಹಿಡಿದ ಮೇಲೆ ಕಚೇರಿಯ ಸರ್ವರ್‌ಗೆ ದೊಡ್ಡ ಫೈಲುಗಳನ್ನು ಕಳುಹಿಸುವಾಗ ವೇಗ ತೀರಾ ಕುಸಿಯುತ್ತಿದೆ. ಪಿಂಗ್ ಮಾಡಿದರೆ, ಅಂದರೆ ಸರ್ವರ್‌ಗೆ ಪುಟ್ಟ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಕಳುಹಿಸಿ ಉತ್ತರಕ್ಕೆ ಕಾದರೆ, ನೂರಕ್ಕೆ ನೂರೂ ಮರಳಿ ಬರುತ್ತವೆ. ದಾರಿಯ ಪ್ರತಿ ಹಂತದ ನಷ್ಟವನ್ನು ತೋರಿಸುವ ಎಂಟಿಆರ್ ಮಾತ್ರ ಮೂರನೆಯ ಹಾಪ್‌ನಲ್ಲಿ (ದಾರಿಯ ಮೂರನೆಯ ರೂಟರ್‌ನಲ್ಲಿ) 40% ನಷ್ಟ, ಕೊನೆಯ ಹಾಪ್‌ನಲ್ಲಿ ಸೊನ್ನೆ ಎಂದು ತೋರಿಸುತ್ತದೆ. ದೂರು ಕೊಡುವ ಮೊದಲು ಖಚಿತವಾದ ಅಳತೆ ಕೈಯಲ್ಲಿರಬೇಕು. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ಶಿವಮೊಗ್ಗದಿಂದ):
ಮೂರನೆಯ ಹಾಪ್‌ನ 40% ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ರೂಟರ್‌ಗಳು ತಮ್ಮ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳಿಗೆ ಆದ್ಯತೆ ಕೊಟ್ಟು, ತಾವೇ ಕೊಡಬೇಕಾದ ಐಸಿಎಂಪಿ ಉತ್ತರಗಳಿಗೆ (ಎಂಟಿಆರ್ ಎಣಿಸುವುದು ಇವನ್ನೇ) ಮಿತಿ ಹಾಕಿಕೊಂಡಿರುತ್ತವೆ. ನಷ್ಟವು ಒಂದು ಹಾಪ್‌ನಲ್ಲಿ ಶುರುವಾಗಿ ಕೊನೆಯವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ನಷ್ಟ.

ಆದರೆ ನಿಮ್ಮ ಪಿಂಗ್ ಕೂಡ ಸಾಲದು. ನೂರಕ್ಕೆ ನೂರೂ ಮರಳಿದರೆ, ನಷ್ಟ ಸುಮಾರು 3%ಕ್ಕಿಂತ ಕಡಿಮೆ ಎಂದು 95% ಭರವಸೆಯಿಂದ ಹೇಳಬಹುದೇ ಹೊರತು ನಷ್ಟವೇ ಇಲ್ಲ ಎನ್ನಲಾಗದು. ಫೈಲು ಸಾಗಿಸುವ ನಿಯಮಾವಳಿಯಾದ ಟಿಸಿಪಿಯ ಹಳೆಯ ರೀನೋ ಬಗೆಯು ನಷ್ಟ ಕಂಡರೆ ವೇಗ ತಗ್ಗಿಸುತ್ತದೆ. ಅದರಲ್ಲಿ, 40 ಮಿಲಿಸೆಕೆಂಡಿನ ಹೋಗಿಬರುವ ಸಮಯವಿದ್ದಾಗ ಕೇವಲ 1% ನಷ್ಟವೇ ಒಂದು ಸಂಪರ್ಕದ ವೇಗವನ್ನು ಸುಮಾರು 3.5 ಎಂಬಿಪಿಎಸ್‌ಗೆ ಇಳಿಸಿಬಿಡುತ್ತದೆ. ಸೆಕೆಂಡಿಗೊಂದರಂತೆ ಹೋಗುವ ಪುಟ್ಟ ಪಿಂಗ್‌ಗಳು, ಫೈಲು ಹೋಗುವಾಗ ಬಫರ್ (ರೂಟರ್‌ನಲ್ಲಿ ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ) ತುಂಬಿ ಪ್ಯಾಕೆಟ್ ಬೀಳುವುದನ್ನು ಕಾಣಲಾರವು.

ಉತ್ತರ (ಸಾಗರದಿಂದ):
ಮೇಲಿನವರ ಮಾತು ಸರಿ. ಇನ್ನೊಂದು ವಿಷಯವೆಂದರೆ, ಹೋಗುವಾಗ ಕಳೆಯಿತೋ ಬರುವಾಗ ಕಳೆಯಿತೋ ಎಂಬುದು ಪಿಂಗ್‌ನಿಂದ ತಿಳಿಯುವುದಿಲ್ಲ. ಎರಡೂ ತುದಿಗಳಲ್ಲಿ ಓಡಿಸಿ ಜಾಲವನ್ನು ಅಳೆಯುವ ಐಪರ್ಫ್3 ತಂತ್ರಾಂಶದ ಯುಡಿಪಿ (ಕಳೆದದ್ದನ್ನು ಮತ್ತೆ ಕಳುಹಿಸದ ವಿಧಾನ) ಪರೀಕ್ಷೆಯಲ್ಲಿ ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಇರುವುದರಿಂದ, ಸ್ವೀಕರಿಸುವ ತುದಿಯೇ ಕಳೆದುಹೋದವನ್ನು ಎಣಿಸಿ ಒಂದೊಂದು ದಿಕ್ಕಿನ ನಷ್ಟವನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಕಳುಹಿಸುವ ವೇಗವನ್ನು ನಿಮ್ಮ ಅಪ್‌ಲೋಡ್ ಸಾಮರ್ಥ್ಯಕ್ಕಿಂತ ಕೆಳಗೇ ಇಡಿ. ಮೇಲಿಟ್ಟರೆ ನೀವೇ ಉಂಟುಮಾಡಿದ ದಟ್ಟಣೆಯನ್ನು ಅಳೆದಂತಾಗುತ್ತದೆ. ವೈಫೈ ಬಿಟ್ಟು ಕೇಬಲ್‌ನಲ್ಲಿ ಅಳೆಯಿರಿ. ನಮ್ಮ ಕಡೆ ಮಳೆಗಾಲದಲ್ಲಿ ಕೊಂಬೆ ಬಿದ್ದು ಜಗ್ಗಿದ ಫೈಬರ್, ನೀರಿಳಿದ ಜಾಯಿಂಟ್ ಎರಡೂ ಸಾಮಾನ್ಯವಾದ್ದರಿಂದ, ಮಳೆ ಸುರಿಯುವಾಗಿನ ಅಳತೆಯನ್ನೂ ಹೊಳವಾದಾಗಿನ ಅಳತೆಯನ್ನೂ ಸಮಯಸಹಿತ ಬರೆದಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಚೇರಿಯ ಸರ್ವರ್‌ನಲ್ಲಿ ಐಪರ್ಫ್ ಹಾಕಲು ಅನುಮತಿ ಇಲ್ಲ. ಬೇರೆ ದಾರಿ ಇದೆಯೇ?

ಉತ್ತರ (ಸಾಗರದಿಂದ):
ಇದೆ. ನಿಮ್ಮದು ಲಿನಕ್ಸ್ ಆದರೆ, ಫೈಲು ಹೋಗುತ್ತಿರುವಾಗಲೇ ‘ಎಸ್‌ಎಸ್ -ಟಿಐ’ (ss -ti) ಆಜ್ಞೆ ಕೊಟ್ಟು, ಮರುಕಳುಹಿಸಿದ ಬೈಟ್‌ಗಳನ್ನು ಒಟ್ಟು ಕಳುಹಿಸಿದ ಬೈಟ್‌ಗಳಿಂದ ಭಾಗಿಸಿ. ತಡವಾಗಿ ತಲುಪಿದವನ್ನೂ ಟಿಸಿಪಿ ಕೆಲವೊಮ್ಮೆ ಮತ್ತೆ ಕಳುಹಿಸುವುದರಿಂದ ಈ ಅಂಕಿ ನಿಜವಾದ ನಷ್ಟಕ್ಕಿಂತ ತುಸು ಹೆಚ್ಚಿರಬಹುದು. ಆದರೂ ನಿಮ್ಮ ಫೈಲು ಹೋಗುವ ದಿಕ್ಕಿನದೇ ಅಳತೆಯಾದ್ದರಿಂದ ದೂರಿನ ಜೊತೆ ಲಗತ್ತಿಸಲು ಪಿಂಗ್‌ಗಿಂತ ಇದೇ ಮೇಲು.