ಸಹಾಯ ಬೇಕು: ನರಗುಂದದ ಗೊಂಬೆ ನಾಟಕಕ್ಕೆ ತುಂತುಣಿ ನುಡಿಸುವವರು, ಗೊಂಬೆ ಬಲ್ಲವರು

ನಮಸ್ಕಾರ್ರೀ ಎಲ್ಲರಿಗೂ. ಧಾರವಾಡದಲ್ಲಿ ನಾವು ಕೆಲವು ಗೆಳೆಯರು ಸೇರಿ 1858ರ ನರಗುಂದ ಬಂಡಾಯದ ಮೇಲೆ ಸಣ್ಣ ನಾಟಕ ಮಾಡುತ್ತಿದ್ದೇವೆ. ಬಂಡಾಯ ಎದ್ದ ನರಗುಂದದ ಅರಸ ಬಾಬಾಸಾಹೇಬರ ಪಾತ್ರಕ್ಕೆ ನಟ, ಬ್ರಿಟಿಷ್ ಪಡೆ ಪೂರ್ತಿ ತೊಗಲು ಗೊಂಬೆ. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಕಡಿಯುವ ದೃಶ್ಯಕ್ಕೆ ಗೊಂಬೆಯೇ ಸರಿ, ಅಲ್ವಾ? ತಲೆಗೆ ಬೇರೆ ಕಡ್ಡಿ ಕಟ್ಟಿದ್ದೇವೆ. ಆದರೆ ದೀಪದ ಶಾಖಕ್ಕೆ ಆಡಿನ ಚರ್ಮ ಮುದುರಿ, ಕುತ್ತಿಗೆ ಹತ್ತಿರ ಸಿಕ್ಕಿಕೊಳ್ಳುತ್ತಿದೆ. ತೊಗಲು ಗೊಂಬೆ ಮಾಡಿ ಗೊತ್ತಿರುವವರು ಯಾರಾದರೂ ಬಂದು ನೋಡುತ್ತೀರಾ?

ಇನ್ನೊಂದು ಮಾತು. ನಾಟಕದಲ್ಲಿ ಹಾಡುವ ಗೀಗೀ ಪದಕ್ಕೆ (ಜಾನಪದ ಹಾಡು) ದಪ್ಪು ಬಾರಿಸುವವರು ಇದ್ದಾರೆ, ತುಂತುಣಿ (ಒಂದೇ ತಂತಿಯ ವಾದ್ಯ) ನುಡಿಸುವವರು ಬೇಕು. ಸುಮ್ನೆ ರೆಕಾರ್ಡ್ ಹಾಕಿ ಅನ್ನಬೇಡಿ. ಗೊಂಬೆಯ ಕೈ ತಡವಾದರೆ ಹಾಡು ಕಾಯಬೇಕಾಗುತ್ತದೆ. ಹುಬ್ಬಳ್ಳಿ, ಗದಗ ಕಡೆಯಿಂದ ಬರುವವರಿಗೆ ಬಸ್ ಚಾರ್ಜು, ಊಟ ನಮ್ಮದು. ಸಂಭಾವನೆ ಜಾಸ್ತಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ತಾಲೀಮು ಸಂಜೆ ಹೊತ್ತು. ಇನ್‌ಬಾಕ್ಸ್ ಮಾಡಿ.