ಸಂಘದ ಪೂಜೆ ವಿಷಯದಲ್ಲಿ ಸರ್ ಮಾತು ಒಪ್ಪೋಕೆ ಆಗ್ತಿಲ್ಲ, ಹೇಗೆ ಹೇಳಲಿ?

ದುರ್ಗದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಒಂದು ಅನುದಾನಿತ ಕಾಲೇಜಿನಲ್ಲಿ ಕೊನೇ ವರ್ಷದ ಬಿಎ ಓದುತ್ತಿದ್ದೇನೆ. ಈ ವರ್ಷ ಇತಿಹಾಸ ಸಂಘಕ್ಕೆ ನಾನೇ ಕಾರ್ಯದರ್ಶಿ. ತಿಂಗಳಿಗೊಮ್ಮೆ ಕೋಟೆ ಹತ್ತುತ್ತೇವೆ, ಇಲ್ಲವೇ ಚಂದ್ರವಳ್ಳಿ ಕಡೆ ಹೋಗುತ್ತೇವೆ. ನಮ್ಮ ಇತಿಹಾಸದ ಸರ್ ಸಂಘದ ಸಂಚಾಲಕರು.

ಮೊದಲೇ ಹೇಳಿಬಿಡುತ್ತೇನೆ, ಸರ್ ತುಂಬಾ ಒಳ್ಳೆಯವರು. ಶಾಸನದ ಅಚ್ಚು ತೆಗೆಯೋದನ್ನು ಕಲಿಸಿದ್ದು ಅವರೇ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ತಟ್ಟಿ ತಟ್ಟಿ, ಮೇಲೆ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತೆ. ಆಗ ಅವರ ಮುಖ ನೋಡಬೇಕು! ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನವನ್ನೂ ತೋರಿಸಿದರು. ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅದರಲ್ಲಿದೆ. ಅದು ನೆನಪಾದಾಗಲೆಲ್ಲ ಸಂಕಟ ಆಗುತ್ತೆ.

ಈ ವರ್ಷದಿಂದ ಕೋಟೆಗೆ ಹೋದಾಗ ಏಕನಾಥೇಶ್ವರಿ ಗುಡಿಯಲ್ಲಿ ಪೂಜೆ ಮಾಡಿಸಿದ ಮೇಲೇ ಮುಂದಿನ ಮಾತು. ಎಲ್ಲರೂ ಒಳಗೆ ಬರಬೇಕು, ಆರತಿ ತಗೊಂಡು ಕುಂಕುಮ ಇಟ್ಟುಕೊಳ್ಳಬೇಕು. ಸಂಘದಲ್ಲಿ ಮೊದಲ ವರ್ಷದ ಇಬ್ಬರು ಮುಸ್ಲಿಂ ಹುಡುಗಿಯರಿದ್ದಾರೆ. ಕಳೆದ ತಿಂಗಳು ಅವರು ಹೊರಗೇ ನಿಂತರು. ನಾನು ಮಂಗಳಾರತಿ ತಗೊಂಡು ಬಂದಾಗ ಹನ್ನೊಂದು ಗಂಟೆ ಬಿಸಿಲು, ಬಂಡೆ ಕಾದು ಕಾವಲಿಯಾಗಿತ್ತು. ಅವರಿಬ್ಬರೂ ನಮ್ಮ ಇಪ್ಪತ್ತೆರಡು ಜನರ ಚಪ್ಪಲಿಯನ್ನು ಜೋಡಿ ಜೋಡಿ ಮಾಡಿ ನೆರಳಿಗೆ ಸರಿಸಿಟ್ಟಿದ್ದರು. "ನಿಮಗೆ ಕಾಲು ಸುಡುತ್ತಲ್ಲ ಅಕ್ಕ, ಅದಕ್ಕೆ" ಅಂದಳು ಒಬ್ಬಳು. ನನಗೆ ಗಂಟಲು ಕಟ್ಟಿತು. ಆಮೇಲೆ ಅವರು ಸಂಘದ ಕಡೆ ಬಂದಿಲ್ಲ.

ಇನ್ನೊಂದು ಲೆಕ್ಕದ ವಿಷಯ. ಹೂವು, ಕಾಯಿ, ಬಾಳೆಹಣ್ಣು, ದಕ್ಷಿಣೆ ಸೇರಿ 460 ರೂಪಾಯಿ ಆಯಿತು. ಸಂಘದ ದುಡ್ಡಿನಿಂದಲೇ ಕೊಟ್ಟೆವು. ತಲಾ 100 ಎಲ್ಲರೂ ಹಾಕಿದ್ದಾರೆ, ಆ ಇಬ್ಬರೂ ಹಾಕಿದ್ದಾರೆ. ಸರ್ "ಇತರೆ ಖರ್ಚು ಅಂತ ಬರಿ" ಅಂದರು. ನಾನು ಆ ಸಾಲು ಖಾಲಿ ಬಿಟ್ಟಿದ್ದೇನೆ.

ಒಮ್ಮೆ ಮೆಲ್ಲಗೆ ಕೇಳಿದ್ದೆ. "ಇದು ಧರ್ಮ ಅಲ್ಲಮ್ಮ, ಸಂಸ್ಕೃತಿ. ಕೋಟೆ ಕಟ್ಟಿದವರೇ ಗುಡಿನೂ ಕಟ್ಟಿದ್ದಾರೆ. ಕಲ್ಲು ನೋಡಿ ದೇವರನ್ನ ಬಿಟ್ಟು ಬಂದರೆ ಅದೆಂಥ ಇತಿಹಾಸ?" ಅಂದರು. ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ನಾನೂ ದೇವರನ್ನು ನಂಬುವವಳೇ. ಪರೀಕ್ಷೆ ಮುಗಿದರೆ ಅಮ್ಮನಿಗೆ ಉಡಿ ತುಂಬಿಸಿ ಬರುತ್ತೇನೆ. ಅದು ನನಗೂ ಅಮ್ಮನಿಗೂ ಸೇರಿದ್ದು. ಸಂಘದ ಹಾಜರಿ ಪುಸ್ತಕಕ್ಕೂ ಅದಕ್ಕೂ ಏನು ಸಂಬಂಧ? ಪ್ರಾಜೆಕ್ಟ್ ಅಂಕ ಸರ್ ಕೈಯಲ್ಲಿದೆ, ನಿಜ. ಅದಕ್ಕಿಂತ ಅವರ ಮನಸ್ಸು ನೋಯುತ್ತಲ್ಲ ಅನ್ನೋದೇ ಜಾಸ್ತಿ.

ಹೊಳಲ್ಕೆರೆ:

ದೊಡ್ಡದು ಮಾಡಬೇಡಿ ಅಕ್ಕ. ಆಯುಧಪೂಜೆ ದಿನ ನಮ್ಮ ಕಾಲೇಜಿನ ಲ್ಯಾಬ್‌ಗೂ ಕುಂಬಳಕಾಯಿ ಒಡೆಯುತ್ತಾರೆ. ಎಲ್ಲರೂ ಮಂಡಕ್ಕಿ ತಿಂದು ಮನೆಗೆ ಹೋಗುತ್ತೇವೆ. ಗುಡಿ ಬಿಟ್ಟು ನಮ್ಮ ಕೋಟೆ ಇಲ್ಲ, ಸರ್ ಹೇಳೋದು ಸರಿಯಾಗೇ ಇದೆ. ಹತ್ತು ನಿಮಿಷ ಹೊರಗೆ ನಿಂತರೆ ಏನಾಯ್ತು?

ಹರಿಹರದವಳು:

ಅಣ್ಣ, ಆ ಹತ್ತು ನಿಮಿಷ ನಾನು ನಿಂತಿದ್ದೇನೆ. ನಾನು ಮುಸ್ಲಿಂ. ಹರಿಹರೇಶ್ವರ ಗುಡಿಯ ಕಂಬಗಳ ನಡುವೆ ಆಡಿ ಬೆಳೆದವಳು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು, ಮೂರ್ತಿ ಅರ್ಧ ಶಿವ, ಅರ್ಧ ವಿಷ್ಣು. ಡಿಗ್ರಿಯಲ್ಲಿ ಅದರ ಮೇಲೇ ಸೆಮಿನಾರ್ ಮಾಡಿದ್ದೆ. ಗುಡಿ ನೋಡೋಕೆ ನನಗೆ ಯಾವತ್ತೂ ತೊಂದರೆ ಇರಲಿಲ್ಲ. ಆದರೆ ಆರತಿ ತಟ್ಟೆ ನನ್ನ ಮುಂದೆ ಬಂದು ನಿಂತಾಗ ಇಡೀ ಕ್ಲಾಸು ನನ್ನ ಕೈಯನ್ನೇ ನೋಡುತ್ತಿತ್ತು. ತಗೊಂಡರೆ ಮನೆಯಲ್ಲಿ ಸುಳ್ಳು ಹೇಳಬೇಕು. ತಗೊಳ್ಳದಿದ್ದರೆ ಸೊಕ್ಕು ಅಂತಾರೆ.

ತಂಗಿ, ನೀವು ಆ ಹುಡುಗಿಯರಿಗೆ ಇವತ್ತೇ ಫೋನ್ ಮಾಡಿ. ಸರ್ ಜೊತೆ ಮಾತು ಆಮೇಲಾಗಲಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:

ಮಗಳೇ, ಗುಡಿಯ ಚರಿತ್ರೆ ಹೇಳೋದು ಪಾಠ. ಆರತಿ ತಗೊಳ್ಳಲೇಬೇಕು ಅನ್ನೋದು ಪೂಜೆ. ನಿಮ್ಮ ಸರ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಸಂವಿಧಾನದ 28ನೇ ವಿಧಿಯ 3ನೇ ಖಂಡ ಓದಿಕೋ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ ಅಲ್ಲಿನ ಪೂಜೆ, ಪ್ರಾರ್ಥನೆಗೆ ಬರಲೇಬೇಕು ಅನ್ನುವ ಹಾಗಿಲ್ಲ. 18 ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು.

ಆದರೆ ಕಾನೂನು ಹಿಡ್ಕೊಂಡು ಹೋಗಬೇಡ. ಮೊದಲು ಆ ಚಪ್ಪಲಿ ವಿಷಯ ಹೇಳು. ಒಬ್ಬಳೇ ಹೋಗು, ಸ್ಟಾಫ್ ರೂಮಲ್ಲಿ ಜನ ಇಲ್ಲದಾಗ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ನಾಲ್ಕು ಜನರ ಮುಂದೆ ಹುಡುಗರು ನನ್ನ ತಪ್ಪು ತೋರಿಸಿದಾಗ, ಅವರ ಮಾತು ಸರಿ ಅಂತ ಗೊತ್ತಿದ್ದರೂ ಒಪ್ಪೋಕೆ ಕಷ್ಟವಾಗಿತ್ತು.

ಬ್ರಹ್ಮಗಿರಿ ಶಾಸನ ನೆನೆದೆಯಲ್ಲ, ಅದರಲ್ಲಿ ಗುರುವಿನ ಮಾತಿಗಿಂತ ಮುಂಚೆಯೇ ಸತ್ಯ ನುಡಿಯಬೇಕು ಅಂತ ಇದೆ. ಆ ಖಾಲಿ ಸಾಲಲ್ಲಿ 'ಪೂಜೆ' ಅಂತಲೇ ಬರೆ.

ದುರ್ಗದ ಹುಡುಗಿ:

ಮಂಗಳವಾರ ನಾಲ್ಕೂವರೆಗೆ ಹೋದೆ. ಸರ್ ಪೇಪರ್ ನೋಡುತ್ತಾ ಕೂತಿದ್ದರು. ಚಪ್ಪಲಿ ವಿಷಯ ಹೇಳಿದೆ. ಪೆನ್ನು ಕೆಳಗಿಟ್ಟರು. "ನಾನು ಕೊನೆಗೆ ಬಂದೆ. ನನ್ನ ಚಪ್ಪಲಿನೂ ನೆರಳಲ್ಲೇ ಇತ್ತು" ಅಂದರು. ಆಮೇಲೆ ಸುಮಾರು ಹೊತ್ತು ಮಾತಿಲ್ಲ.

ಅವರು ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. ಇದು ಸಂಸ್ಕೃತಿ ಅಂತ ಈಗಲೂ ಅನ್ನುತ್ತಾರೆ, ನಾನೂ ಅಲ್ಲ ಅಂತ ಹೇಳಿಯೇ ಬಂದೆ. ಆದರೆ ಇನ್ನು ಮೇಲೆ ಪೂಜೆ ಬೇಕಾದವರು ಏಳಕ್ಕೇ ಹೋಗಿ ಮುಗಿಸೋದು, ಸಂಘದ ನಡಿಗೆ ಎಂಟಕ್ಕೆ ಶುರು. ಗುಡಿಯ ವಿಷಯವನ್ನು ಹೊರಗಿನ ಬಂಡೆ ಮೇಲೆ ಎಲ್ಲರನ್ನೂ ಕೂರಿಸಿ ಹೇಳುತ್ತಾರಂತೆ. ಜೇಬಿಂದ 500ರ ನೋಟು ತೆಗೆದು ಕೊಟ್ಟರು. ಪುಸ್ತಕದಲ್ಲಿ 'ಪೂಜೆ 460' ಅಂತ ಬರೆದೆ. ಎದುರಿಗೆ 'ಸರ್ ಮರಳಿಸಿದ್ದು 460'. ಚಿಲ್ಲರೆ 40 ರೂಪಾಯಿ ಅವರಿಗೆ ಕೊಡೋದಿದೆ.

ಹರಿಹರದ ಅಕ್ಕ, ಅವತ್ತೇ ಫೋನ್ ಮಾಡಿದ್ದೆ. ಒಬ್ಬಳು ಭಾನುವಾರ ಬರುತ್ತೇನೆ ಅಂದಿದ್ದಾಳೆ. ಇನ್ನೊಬ್ಬಳ ಅಪ್ಪ ಕಳಿಸಲ್ಲ ಅಂದಿದ್ದಾರೆ. ಶನಿವಾರ ಅವರ ಮನೆಗೆ ಹೋಗುತ್ತಿದ್ದೇನೆ. ಸರ್ ಕೂಡ ಬರುತ್ತೇನೆ ಅಂದಿದ್ದಾರೆ.